ಇಟಲಿಯ ಹಿಮ್ಮಡಿಯಲ್ಲೊಂದು ಗ್ರೀಕ್ ಮಾತು

ಇಟಲಿಯ ಭೂಪಟವು ಬೂಟಿನ ಆಕಾರದಲ್ಲಿದೆಯೆಂಬುದನ್ನು ಶಾಲೆಯಲ್ಲಿ ಓದಿದ ನೆನಪು ಎಲ್ಲರಿಗೂ ಇದ್ದೀತು. ಆ ಬೂಟಿನ ಹಿಮ್ಮಡಿಯ ಭಾಗವೇ ಸಲೆಂಟೊ. ಲೆಚ್ಚೆ ನಗರವನ್ನು ಬಿಟ್ಟು ದಕ್ಷಿಣಕ್ಕೆ ಸಾಗಿದರೆ ಕೆಂಪು ಮಣ್ಣಿನ ಸಮತಟ್ಟಾದ ನೆಲ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಎತ್ತ ನೋಡಿದರೂ ಆಲಿವ್ ಮರಗಳು. 2013ರಲ್ಲಿ ಗುರುತಿಸಲ್ಪಟ್ಟ ಕ್ಸೈಲೆಲ್ಲಾ ಎಂಬ ರೋಗಾಣುವಿಗೆ ತುತ್ತಾಗಿ ಈಗ ಅವುಗಳಲ್ಲಿ ಲಕ್ಷಗಟ್ಟಲೆ ಮರಗಳು ಒಣಗಿ ಬೂದುಬಣ್ಣ ತಾಳಿವೆ.

ಈ ದಾರಿಯಲ್ಲಿ ಸಿಗುವ ಒಂದು ಊರಿನ ಹೆಸರು ಕಲಿಮೇರಾ. ಗ್ರೀಸ್ ದೇಶದಲ್ಲಿ ಬೆಳಗಿನ ಹೊತ್ತು ಎದುರಾದವರಿಗೆ ಹೇಳುವ ಶುಭೋದಯದ ಮಾತೂ ಇದೇ. ಊರಿನ ಉದ್ಯಾನದಲ್ಲಿ ಅಥೆನ್ಸ್ ನಗರವು ಕಾಣಿಕೆಯಾಗಿ ಕಳುಹಿಸಿದ ಪುರಾತನ ಶಿಲಾಫಲಕವೊಂದಿದೆ. ನೀನು ಇಲ್ಲಿ ಪರಕೀಯನಲ್ಲ ಎಂಬರ್ಥದ ಮಾತನ್ನು ಅಲ್ಲಿ ಊರಿನವರ ಭಾಷೆಯಲ್ಲಿಯೇ ಬರೆಯಿಸಿದ್ದಾರೆ. ಆ ಭಾಷೆ ಇಟಾಲಿಯನ್ ಅಲ್ಲ. ಅದರ ಹೆಸರು ಗ್ರೀಕೊ. ನೀರಿಗೆ ನೆರೊ, ಮನೆಗೆ ಸ್ಪಿತಿ ಎನ್ನುವ ಅದು ಗ್ರೀಕ್ ಭಾಷೆಯದೇ ಒಂದು ಕವಲು. ಆದರೆ ಬರೆಯುವುದು ರೋಮನ್ ಲಿಪಿಯಲ್ಲಿ.

ಇವರು ಇಲ್ಲಿಗೆ ಬಂದದ್ದು ಯಾವಾಗ? ಬೈಜಾಂಟಿಯಮ್ ಸಾಮ್ರಾಜ್ಯದ ಕಾಲದಲ್ಲಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮೊರೋಸಿ ಎಂಬ ವಿದ್ವಾಂಸರು ವಾದಿಸಿದರು. ಇಲ್ಲ, ಕ್ರಿಸ್ತಪೂರ್ವದ ಗ್ರೀಕ್ ವಸಾಹತುಗಳಿಂದಲೇ ಈ ಮಾತು ಮುರಿಯದೆ ಹರಿದುಬಂದಿದೆ ಎಂದರು ಜರ್ಮನಿಯ ಗೆರ್ಹಾರ್ಡ್ ರೋಲ್ಫ್ಸ್. ವಿವಾದ ಇನ್ನೂ ತೀರಿಲ್ಲ. ಮುದುಕಿಯರಿಗೆ ಇದಾವುದರ ಚಿಂತೆಯೂ ಇಲ್ಲವೆನ್ನಿ.

ಇಲ್ಲಿನ ಹಿರಿಯರದು ಮೂರು ನುಡಿಗಳ ಬಾಳು. ಒಲೆಯ ಮುಂದೆ ಗ್ರೀಕೊ, ನೆರೆಯೂರಿನ ಸಂತೆಯಲ್ಲಿ ಸಲೆಂಟೀನೊ, ಶಾಲೆ-ಕಚೇರಿಗಳಲ್ಲಿ ಇಟಾಲಿಯನ್. ಸಲೆಂಟೀನೊವನ್ನು ಕೆಟ್ಟುಹೋದ ಇಟಾಲಿಯನ್ ಎಂದು ತಿಳಿಯುವವರುಂಟು, ಅದು ತಪ್ಪು. ಫ್ಲಾರೆನ್ಸಿನ ಮಾತಿನಿಂದ ಬೆಳೆದ ಇಟಾಲಿಯನ್ನಿನಂತೆ ಅದೂ ಲ್ಯಾಟಿನ್ನಿನ ಸ್ವತಂತ್ರ ಮಗಳೇ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರ ಎಂದು ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದ್ದರು. ಉಳಿದವರೆಲ್ಲರೂ ತಂತಮ್ಮ ಸೀಮೆಯ ಮಾತಿನಲ್ಲಿಯೇ ಹುಟ್ಟಿ, ಬದುಕಿ, ಮಣ್ಣಾದವರು.

ಸಾವಿನ ಮಾತು ಬಂದಿತಾದ್ದರಿಂದ ಮೊರೊಲೋಯಾ ಎಂಬ ಶೋಕಗೀತೆಗಳ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಮನೆಯಲ್ಲಿ ಸಾವಾದರೆ ಹಾಡಿ ಅಳುವ ಹೆಂಗಸರನ್ನು ಕರೆಯಿಸುತ್ತಿದ್ದರು. ಅವರು ಶವದ ಸುತ್ತಲೂ ನಿಂತು, ಬಿಳಿಯ ಕರವಸ್ತ್ರಗಳನ್ನು ಬೀಸುತ್ತ, ಸತ್ತವರನ್ನೇ ಉದ್ದೇಶಿಸಿ ಗ್ರೀಕೊದಲ್ಲಿ ಹಾಡುತ್ತಿದ್ದರು. 1960ರಲ್ಲಿ ಚೆಚೀಲಿಯಾ ಮಾಂಜೀನಿ ಎಂಬ ನಿರ್ದೇಶಕಿ ಮಾರ್ತಾನೊ ಎಂಬ ಊರಿನ ಹೆಂಗಸರನ್ನು ಸೇರಿಸಿ ಇದನ್ನು ‘ಸ್ಟೆಂದಲೀ’ ಎಂಬ ಕಿರುಚಿತ್ರವಾಗಿ ಉಳಿಸಿದರು. ಆ ಆಚರಣೆ ಈಗಿಲ್ಲ. ದುಃಖವನ್ನು ಆಡಿ ತೋರಲು ತಮ್ಮದೇ ಮಾತು ಬೇಕೆನ್ನುವ ಜನ, ಹಾಲು ಕುಡಿಯುವ ಕೂಸಿಗೆ ಅದೇ ಮಾತನ್ನು ಕಲಿಸಲು ಏಕೆ ಹಿಂಜರಿದರು?

ಕಾರಣಗಳು ಒಂದೆರಡಲ್ಲ. ಫ್ಯಾಸಿಸ್ಟರ ಆಡಳಿತಕ್ಕೆ ಇಂಥ ಮಾತುಗಳು ಬೇಡವಾಗಿದ್ದವು. 1954ರಲ್ಲಿ ದೂರದರ್ಶನ ಬಂದು ಇಟಾಲಿಯನ್ನನ್ನು ಮನೆಯೊಳಗೇ ತಂದಿತು. ಬೆಲ್ಜಿಯಮ್ಮಿನ ಗಣಿಗಳಿಗೂ ಜರ್ಮನಿ, ಸ್ವಿಟ್ಜರ್ಲೆಂಡುಗಳಿಗೂ ಗಂಡಸರು ದುಡಿಯಲು ಹೋದರು. ಇವೆಲ್ಲಕ್ಕಿಂತ ಆಳವಾದುದು ನಾಚಿಕೆ. ಇದು ಬಡವರ ಮಾತು, ಹೊಲದ ಮಾತು. ಇದನ್ನಾಡುವ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ ಎಂದು ತಾಯಂದಿರು ನಂಬಿದರು. ಅವರನ್ನು ದೂರುವುದು ಸುಲಭ. ಮಗುವಿನ ಹಿತವನ್ನೇ ಅವರು ಬಯಸಿದ್ದರು.

1999ರ ಡಿಸೆಂಬರಿನಲ್ಲಿ ಇಟಲಿಯ ಸಂಸತ್ತು 482ನೆಯ ಕಾಯಿದೆಯ ಮೂಲಕ ಹನ್ನೆರಡು ಅಲ್ಪಸಂಖ್ಯಾತ ಭಾಷೆಗಳಿಗೆ ಮನ್ನಣೆ ನೀಡಿತು, ಗ್ರೀಕ್ ಅದರಲ್ಲೊಂದು. ಲಕ್ಷಾಂತರ ಜನರಾಡುವ ಸಿಸಿಲಿ, ನೇಪಲ್ಸ್, ವೆನಿಸ್ ಸೀಮೆಗಳ ಮಾತುಗಳು ಆ ಪಟ್ಟಿಯಲ್ಲಿಲ್ಲವೆಂಬುದು ಸೋಜಿಗ. ಶಾಲೆಗಳಲ್ಲಿ ಗ್ರೀಕೊ ಪಾಠಗಳು ನಡೆದವು, ಬೀದಿಗಳಿಗೆ ಎರಡು ಭಾಷೆಗಳ ಫಲಕಗಳು ಬಂದವು. ಕಲಿಮೇರಾದವರೇ ಆದ ವೀತೊ ದೊಮೇನಿಕೊ ಪಾಲುಂಬೊ (1854–1918) ರಚಿಸಿದ, ಶುಭರಾತ್ರಿಯೆಂಬ ಅರ್ಥದ ‘ಕಲಿನಿಫ್ತಾ’ ಹಾಡನ್ನು ಇಂದಿನ ತರುಣರೂ ಹಾಡುತ್ತಾರೆ. 1998ರಿಂದ ಬೇಸಿಗೆಯಲ್ಲಿ ನಡೆಯುತ್ತಿರುವ ತಾರಾಂತಾ ಸಂಗೀತೋತ್ಸವದ ಕೊನೆಯ ರಾತ್ರಿಗೆ ಮೆಲ್ಪಿಞ್ಞಾನೊ ಎಂಬ ಊರಿನಲ್ಲಿ ಜನಸಾಗರವೇ ನೆರೆಯುತ್ತದೆ. ಆದರೆ ಅದೇ ಮೆಲ್ಪಿಞ್ಞಾನೊದಲ್ಲಿ ಗ್ರೀಕೊ ಆಡುನುಡಿಯಾಗಿ ಉಳಿದಿಲ್ಲ.

ಸಂಜೆ ಸ್ಟೆರ್ನಾತಿಯಾ ಎಂಬ ಹಳ್ಳಿಯ ಚೌಕಕ್ಕೆ ಬಂದೆವು. ಕಲ್ಲುಬೆಂಚಿನ ಮೇಲೆ ಇಬ್ಬರು ವೃದ್ಧರು ಗ್ರೀಕೊದಲ್ಲಿ ಯಾವುದೋ ಜಮೀನಿನ ವಿಷಯವಾಗಿ ಬಿರುಸಿನಿಂದ ಮಾತನಾಡುತ್ತಿದ್ದರು. ಹುಡುಗನೊಬ್ಬ ಸೈಕಲ್ ನಿಲ್ಲಿಸಿ ಅವರಲ್ಲೊಬ್ಬರನ್ನು ಇಟಾಲಿಯನ್ನಿನಲ್ಲಿ ಅಜ್ಜಾ ಎಂದು ಕರೆದು ಏನನ್ನೋ ಕೇಳಿದ. ಅಜ್ಜ ಇಟಾಲಿಯನ್ನಿನಲ್ಲಿಯೇ ಉತ್ತರ ಕೊಟ್ಟು, ಜೇಬಿನಿಂದ ನಾಣ್ಯ ತೆಗೆದುಕೊಟ್ಟರು. ಹುಡುಗ ಹೊರಟುಹೋದ ಮೇಲೆ ಗೆಳೆಯನತ್ತ ತಿರುಗಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಗ್ರೀಕೊದಲ್ಲಿ ಮುಂದುವರಿಸಿದರು.