ಬೊಗಳುವ ಗ್ಯಾಲರಿ

ಟೆನಿಸ್ ನೋಡುವಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಕಬ್ಬನ್ ಪಾರ್ಕಿನ ಗ್ಯಾಲರಿಯಲ್ಲಿ ಕಲಿತವನು ನಾನು. ಅಲ್ಲಿ ಯಾರಾದರೂ ಕೆಮ್ಮಿದರೂ ನಾಲ್ಕು ತಲೆ ಹಿಂತಿರುಗುತ್ತವೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ, ಡ್ಯಾನ್ ಮ್ಯಾಗಿಲ್ ಟೆನಿಸ್ ಸಂಕೀರ್ಣದಲ್ಲಿ ಕೂತಿದ್ದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಬೌ ಬೌ ಎಂದು ಬೊಗಳಿದರು. ಬೆಚ್ಚಿ ತಿರುಗುವಷ್ಟರಲ್ಲಿ ಇಡೀ ಗ್ಯಾಲರಿಯೇ ಬೊಗಳುತ್ತಿತ್ತು! ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದ ಹೆಸರು ಬುಲ್‌ಡಾಗ್ಸ್. ಜಯಘೋಷವೂ ಅದೇ ಭಾಷೆಯಲ್ಲಿ.

ಎದುರಿಗೆ ಆರು ಕೋರ್ಟ್, ಆರರಲ್ಲೂ ಏಕಕಾಲಕ್ಕೆ ಸಿಂಗಲ್ಸ್. ಯಾವುದನ್ನು ನೋಡಲಿ? ಮೂರು ಡಬಲ್ಸ್‌ನಲ್ಲಿ ಎರಡು ಗೆದ್ದವರಿಗೆ ಒಂದು ಅಂಕ, ಸಿಂಗಲ್ಸ್‌ಗೆ ಒಂದೊಂದು; ಏಳರಲ್ಲಿ ನಾಲ್ಕು ಸಿಕ್ಕರೆ ತಂಡ ಗೆದ್ದಂತೆ. ಡ್ಯೂಸ್ ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟಿಗೆ ಗೇಮ್ ಇತ್ಯರ್ಥ. ಹುಡುಗರ ಆಟದಲ್ಲಿ ಸರ್ವ್ ನೆಟ್ಟಿಗೆ ತಾಗಿ ಒಳಗೆ ಬಿದ್ದರೂ ಆಡಲೇಬೇಕು. ಏಸ್ ಹೊಡೆಸಿಕೊಂಡವರು ‘ಲೆಟ್’ ಎಂದು ಸುಳ್ಳೇ ಕೂಗಿ ಪಾರಾಗುತ್ತಿದ್ದರಂತೆ, ಅದಕ್ಕೆ ಲೆಟ್ಟನ್ನೇ ಕಿತ್ತುಹಾಕಿದ್ದಾರೆ. ನಾಲ್ಕನೇ ಕೋರ್ಟಿನವನು ಪಾಯಿಂಟ್ ಗೆದ್ದರೆ ಒಂದನೇ ಕೋರ್ಟಿನವನು ತನ್ನ ಸರ್ವ್ ತಡೆದು ಅವನತ್ತ ಮುಷ್ಟಿ ಎತ್ತುತ್ತಾನೆ. ಜಗತ್ತಿನ ಅತಿ ಒಂಟಿ ಆಟವೆಂದು ನಾನು ತಿಳಿದಿದ್ದದ್ದು ಇಲ್ಲಿ ಕಬಡ್ಡಿಯಾಗಿಬಿಟ್ಟಿದೆ.

ಮ್ಯಾಗಿಲ್ ಎಂಬ ಕೋಚ್ 1955ರಿಂದ 1988ರವರೆಗೆ ಇಲ್ಲಿದ್ದು 706 ಪಂದ್ಯ ಗೆಲ್ಲಿಸಿದವರು. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮಾತ್ರ 2007ರ ಮೇ ತಿಂಗಳು. ಆ ವರ್ಷ ಜಾರ್ಜಿಯಾ ಒಂದೂ ಪಂದ್ಯ ಸೋಲದೆ, ಕೆವಿನ್ ಆಂಡರ್ಸನ್ ಇದ್ದ ಇಲಿನಾಯ್ ತಂಡವನ್ನು ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಮೇಲೆ ಸಿಂಗಲ್ಸ್ ಫೈನಲ್. ಒಂದು ಕಡೆ ಈ ಮನೆಯ ಮಗ, 6 ಅಡಿ 10 ಅಂಗುಲದ ಜಾನ್ ಇಸ್ನರ್. ಇನ್ನೊಂದು ಕಡೆ ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮದೇವ್ ದೇವವರ್ಮನ್. ಗ್ಯಾಲರಿ ಯಾರ ಪರ ಇತ್ತೆಂದು ಹೇಳಬೇಕೆ? ಮೊದಲ ಸೆಟ್ಟೂ ಕೊನೆಯ ಸೆಟ್ಟೂ ಟೈಬ್ರೇಕ್, ಗೆದ್ದದ್ದು ಸೋಮದೇವ್. ಮರುವರ್ಷವೂ ಅವರೇ ಚಾಂಪಿಯನ್. 2009ರ ಜನವರಿಯಲ್ಲಿ ವೈಲ್ಡ್ ಕಾರ್ಡ್ ಹಿಡಿದು ಚೆನ್ನೈ ಓಪನ್ ಫೈನಲ್ ತಲುಪಿದಾಗ ನಾವೆಲ್ಲ ‘ಯಾರಿವನು?’ ಎಂದು ಕೇಳಿದೆವು. ಅಥೆನ್ಸಿನವರಿಗೆ ಗೊತ್ತಿತ್ತು.

ಅದೇ ಇಸ್ನರ್, ಅದೇ ಆಂಡರ್ಸನ್ 2018ರ ವಿಂಬಲ್ಡನ್ ಸೆಮಿಫೈನಲ್ಲಿನಲ್ಲಿ 6 ಗಂಟೆ 36 ನಿಮಿಷ ಕಾದಾಡಿದರು. ಐದನೇ ಸೆಟ್ 26-24, ಗೆಲುವು ಆಂಡರ್ಸನ್‌ಗೆ. ಹದಿನೆಂಟಕ್ಕೇ ವೃತ್ತಿಪರನಾಗದಿದ್ದರೆ ಕೆಟ್ಟೆ ಎನ್ನುವ ತಂದೆತಾಯಂದಿರಿಗೆ ಆ ಪಂದ್ಯವನ್ನು ಕೂರಿಸಿ ತೋರಿಸಬೇಕು.

ಕೆಳಹಂತದ ಟೂರ್‌ನಲ್ಲಿ ಹೋಟೆಲ್, ವಿಮಾನ, ಕೋಚ್, ಎಲ್ಲಕ್ಕೂ ಆಟಗಾರನೇ ಕೈಯಿಂದ ಹಾಕಬೇಕು. ಇಲ್ಲಿ ತಂಡದ ಖರ್ಚು ವಿಶ್ವವಿದ್ಯಾಲಯದ್ದು. ಹಾಗೆಂದು ಹಣದ ಹೊಳೆಯೇನೂ ಹರಿಯುತ್ತಿರಲಿಲ್ಲ. ಬಹುಕಾಲ ಹೆಣ್ಣುಮಕ್ಕಳ ತಂಡಕ್ಕೆ 8 ಪೂರ್ಣ ವಿದ್ಯಾರ್ಥಿವೇತನ ಇದ್ದರೆ, ಗಂಡುಮಕ್ಕಳ ತಂಡಕ್ಕೆ ಇದ್ದದ್ದು ಬರೀ ನಾಲ್ಕೂವರೆ! ಕೋಚ್ ಅದನ್ನೇ ಕತ್ತರಿಸಿ, ಹೋಳಿಗೆ ಕಡಿಮೆ ಬಿದ್ದ ಮದುವೆಮನೆಯಲ್ಲಿ ಬಡಿಸುವವರಂತೆ, ಎಲ್ಲರ ಎಲೆಗೂ ಮುಟ್ಟಿಸಬೇಕಿತ್ತು.

ಪಂದ್ಯ 3-3ಕ್ಕೆ ಬಂದು, ಉಳಿದ ಐದು ಕೋರ್ಟಿನ ಹುಡುಗರೆಲ್ಲ ಕೊನೆಯ ಕೋರ್ಟಿನ ಬೇಲಿಗೆ ಜೋತುಬಿದ್ದರು. ಗೆದ್ದು ಹೊರಬಂದವನನ್ನು ಬೇಸಿಗೆಗೆ ಏನು ಮಾಡುತ್ತೀಯೆಂದು ಕೇಳಿದೆ. ಸಣ್ಣ ಟೂರ್ನಿಗಳನ್ನು ಆಡಿ ರ‍್ಯಾಂಕಿಂಗ್ ಪಾಯಿಂಟ್ ಗಳಿಸಬೇಕಂತೆ. ಅದಕ್ಕೂ ಮೊದಲು ಅಂದು ರಾತ್ರಿಯೇ ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್ ಸಲ್ಲಿಸುವುದಿದೆ, ಇನ್ನೂ ಒಂದಕ್ಷರ ಬರೆದಿಲ್ಲ ಎಂದು ಹೇಳುತ್ತಲೇ ಓಡಿದ.