ವಿಳಾಸವಿಲ್ಲದ ಅಂಚೆಯ ಪೆಟ್ಟಿಗೆ

34 ವರ್ಷಗಳ ಕಾಲ ಅಂಚೆಯ ಕಚೇರಿಯಲ್ಲಿ ದುಡಿದು ವಿಶ್ರಾಂತಿ ಪಡೆದವನು ನಾನು. ಅಂಚೆಯ ನೌಕರನಿಗೆ ವಿಳಾಸವೇ ದೇವರು. ಊರು, ಬೀದಿ, ಮನೆ ಇವಿಷ್ಟು ಸರಿಯಾಗಿದ್ದರೆ ಕಾಗದವು ಎಂಥ ಕೊಂಪೆಯನ್ನಾದರೂ ಹೊಕ್ಕು ಸೇರಬೇಕಾದವರನ್ನು ಸೇರುವುದು. ಇಲ್ಲವಾದರೆ ಬರೆದವರ ಮನೆಗೇ ಹಿಂದಿರುಗುವುದು. ಇಂಥ ನಾನು ಇಳಿವಯಸ್ಸಿನಲ್ಲಿ, ಪರದೇಶದ ಕಾಡೊಂದರಲ್ಲಿ, ವಿಳಾಸವೇ ಇಲ್ಲದ ಅಂಚೆಯ ಪೆಟ್ಟಿಗೆಯೊಂದನ್ನು ಅರಸುತ್ತ ಪೊದೆಪೊದೆಯನ್ನೂ ಇಣಿಕಿ ನೋಡಿದೆನೆಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಕ್ಕಾರು.

ಹೋದ ವರ್ಷ ಬೇಸಗೆಯಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆನು. ಮೊಮ್ಮಗನಿಗೆ ಹತ್ತು ವರ್ಷ. ಕನ್ನಡದಲ್ಲಿ ಹೇಳಿದುದು ಅವನಿಗೆ ತಿಳಿಯುವುದು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ನನ್ನ ಕಿವಿಗೆ ಎಟುಕದ ವೇಗದಲ್ಲಿ. "ಊಟವಾಯಿತೆ, ಮಗು?" "ಹೂಂ, ತಾತ." ಮೊದಲ ಮೂರು ವಾರ ನಮ್ಮ ಸಂಭಾಷಣೆ ಇದರಾಚೆಗೆ ಬೆಳೆಯಲಿಲ್ಲ. ಮಗಳಿಗೆ ಇದು ನೋವು, ನನಗೂ ನೋವೇ. ಆದರೆ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಒಂದು ರಾತ್ರಿ ಮಗಳು, "ಅಪ್ಪಾ, ಶನಿವಾರ ಕಾಡಿಗೆ ಹೋಗಿ ಅಂಚೆಯ ಪೆಟ್ಟಿಗೆಯನ್ನು ಹುಡುಕೋಣ" ಎಂದಳು.

"ಈ ದೇಶದಲ್ಲಿ ಅಂಚೆಯ ಪೆಟ್ಟಿಗೆಯನ್ನು ಬಚ್ಚಿಡುವರೋ?" ಎಂದು ನಾನು ನಕ್ಕೆನು. ಅವಳು ನಗದೆ ವಿವರಿಸಿದಳು.

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಬಯಲುನಾಡಿದೆ. ಎಲ್ಲೆಲ್ಲಿಯೂ ಹುಲ್ಲು, ಜೌಗು, ಬೋಳುಬಂಡೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಅಲ್ಲಿಯ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಸ್ಥಳದಲ್ಲಿ ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುವರು. ಕಾಲಕ್ರಮದಲ್ಲಿ ಸೀಸೆ ಹೋಗಿ ಪೆಟ್ಟಿಗೆ ಬಂದಿತು. ಜನರು ತಮ್ಮ ವಿಳಾಸವನ್ನೇ ಬರೆದ ಕಾರ್ಡುಗಳನ್ನು ಅದರಲ್ಲಿ ಬಿಡತೊಡಗಿದರು. ಮುಂದೆ ಬಂದವನು ಅವನ್ನೆತ್ತಿಕೊಂಡು ಹೋಗಿ ಊರಿನ ಅಂಚೆಗೆ ಹಾಕುವನು. ಸಂಬಳವಿಲ್ಲದ ಅಂಚೆಯವನು! ಇದನ್ನು ಕೇಳಿದ ಮೇಲೆ ನನಗೆ ನಗೆ ಬರಲಿಲ್ಲ.

ಈ ಕ್ರೀಡೆಯ ವೃತ್ತಾಂತವು 1998ರಲ್ಲಿ 'ಸ್ಮಿತ್ಸೋನಿಯನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಗಲು ಅಮೆರಿಕದಲ್ಲಿಯೂ ಹಬ್ಬಿತು. ಕನೆಕ್ಟಿಕಟ್ಟಿನಲ್ಲಿ ಅರಣ್ಯದ ಇಲಾಖೆಯವರೇ ಕಾಡುಗಳಲ್ಲಿ ಪೆಟ್ಟಿಗೆಗಳನ್ನಿರಿಸಿ, ಐದನ್ನು ಕಂಡುಹಿಡಿದವರಿಗೆ ಊರುಗೋಲೊಂದನ್ನು ಬಹುಮಾನವಾಗಿ ಕೊಡುವ ಏರ್ಪಾಟು ಮಾಡಿದ್ದರಂತೆ. ಖಾಸಗಿಯಾಗಿ ಇಡುವವರೂ ಉಂಟು. ಪೆಟ್ಟಿಗೆಯಲ್ಲಿ ನೀರು ಹೋಗದಂತೆ ಭದ್ರಪಡಿಸಿದ ಒಂದು ಪುಸ್ತಕ, ಕೈಯಿಂದ ಕೊರೆದ ಒಂದು ರಬ್ಬರಿನ ಠಸ್ಸೆ, ಇಷ್ಟೇ ಇರುವುದು. ಹುಡುಕಿ ಬಂದವನು ಅಲ್ಲಿಯ ಠಸ್ಸೆಯನ್ನು ತನ್ನ ಪುಸ್ತಕದಲ್ಲಿಯೂ, ತನ್ನ ಠಸ್ಸೆಯನ್ನು ಅಲ್ಲಿಯ ಪುಸ್ತಕದಲ್ಲಿಯೂ ಒತ್ತಿ, ಎಲ್ಲವನ್ನೂ ಇದ್ದಂತೆಯೇ ಬಚ್ಚಿಟ್ಟು ಬರಬೇಕು.

ಹಾಗಾದರೆ ನಮಗೂ ಒಂದು ಠಸ್ಸೆ ಬೇಕಾಯಿತು. ಜೀವಮಾನವೆಲ್ಲ ಠಸ್ಸೆ ಒತ್ತಿದವನಿಗೆ ಸಲಹೆ ಕೊಡುವುದು ಕಷ್ಟವೆ? 'ಅಂಚೆ' ಎಂದು ಕೊರೆಯೋಣವೆಂದೆನು. ಹುಡುಗನು ದೊಡ್ಡದೊಂದು ಅಳಿಸುವ ರಬ್ಬರನ್ನು ತಂದನು. ನಾನು ಎರಡಕ್ಷರವನ್ನು ಬರೆದು ತೋರಿಸಿದೆನು; ಅವನು ನಾಲಗೆ ಕಚ್ಚಿಕೊಂಡು ಕೊರೆದನು. ಒತ್ತಿ ನೋಡಿದರೆ ಅಕ್ಷರಗಳೆಲ್ಲ ತಿರುವುಮುರುವು! ಠಸ್ಸೆಯ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕೆಂಬುದನ್ನು ಅಂಚೆಯ ಅಧಿಕಾರಿಯಾಗಿದ್ದವನೇ ಮರೆತಿದ್ದನು. ಹುಡುಗನು ನನ್ನ ಮುಖವನ್ನು ನೋಡಿದನು, ನಾನು ಅವನ ಮುಖವನ್ನು ನೋಡಿದೆನು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಎರಡನೆಯ ರಬ್ಬರಿನಲ್ಲಿ 'ಅಂಚೆ' ನೆಟ್ಟಗೆ ಮೂಡಿತು.

ಶನಿವಾರ ಮೆಶೊಮ್ಯಾಸಿಕ್ ಅರಣ್ಯಕ್ಕೆ ಹೋದೆವು. 1903ರಲ್ಲಿ ಸ್ಥಾಪಿತವಾದ ಇದು ನ್ಯೂ ಇಂಗ್ಲೆಂಡ್ ಸೀಮೆಗೇ ಮೊದಲನೆಯ ಸರ್ಕಾರಿ ಅರಣ್ಯವಂತೆ. ಅಲ್ಲಿಯ ಹುಲ್ಲಿನಲ್ಲಿ ರೋಗವನ್ನು ಹರಡುವ ಸಣ್ಣ ಉಣ್ಣಿಗಳಿರುವುದರಿಂದ ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳಬೇಕಾಯಿತು. ಆ ವೇಷದಲ್ಲಿ ನನ್ನನ್ನು ನಮ್ಮೂರಿನವರು ಕಾಣದಿದ್ದುದೇ ಪುಣ್ಯ. ಮಗಳು ಸ್ವಲ್ಪ ದೂರ ಬಂದು, "ನೀವಿಬ್ಬರೇ ಹೋಗಿಬನ್ನಿ" ಎಂದು ಬಂಡೆಯೊಂದರ ಮೇಲೆ ಕುಳಿತುಬಿಟ್ಟಳು. ಅದು ದಣಿವಲ್ಲ, ಉಪಾಯವೆಂಬುದು ನನಗೆ ಆಮೇಲೆ ಹೊಳೆಯಿತು.

ಮರಗಳ ಮೇಲೆ ಬಳಿದ ನೀಲಿಯ ಪಟ್ಟೆಗಳನ್ನು ನೋಡುತ್ತ ನಡೆದೆವು. ಕಾಡಿನ ನಡುವೆ, ನಮ್ಮ ಬಯಲುಸೀಮೆಯ ಹೊಲದ ಬದುಗಳಂತೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಮೋಟುಗೋಡೆಗಳು ಹಾದುಹೋಗಿದ್ದವು. ಕಾಡಿಗೇಕೆ ಗೋಡೆ? ಅದು ಒಂದು ಕಾಲಕ್ಕೆ ಕಾಡಾಗಿರಲಿಲ್ಲ. ಮರ ಕಡಿದು, ಕಲ್ಲನ್ನಾಯ್ದು, ಬೇಸಾಯ ಮಾಡಿದ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದ ಹೊಸ ಭೂಮಿಯನ್ನೋ ಕಾರ್ಖಾನೆಗಳನ್ನೋ ಅರಸಿ ಹೊರಟುಹೋದರು. ಬಿಟ್ಟ ಹೊಲವನ್ನು ಕಾಡು ಮತ್ತೆ ಆಕ್ರಮಿಸಿತು. ಮಕ್ಕಳು ದೂರದೇಶಕ್ಕೆ ಹೋದ ಮನೆಯವನಿಗೆ ಆ ಗೋಡೆಗಳ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸುಳಿವಿನ ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆನು: ಹಳ್ಳ, ಮೂಲೆ, ಪಡುವಣ, ಕವಲು. ಹುಡುಗನು ಒಂದೊಂದನ್ನೂ ಬಾಯಲ್ಲಿಟ್ಟುಕೊಂಡು ನೋಡಿದನು. ಎರಡು ಗೋಡೆಗಳು ಕೂಡುವ ಮೂಲೆಯಿಂದ ಪಡುವಣಕ್ಕೆ 40 ಹೆಜ್ಜೆ, ಅಲ್ಲಿ ಮೂರು ಕವಲಿನ ಮೇಪಲ್ ಮರ. ಹೆಜ್ಜೆಯೆಂದರೆ ಯಾರ ಹೆಜ್ಜೆ? ಅವನ ನಲವತ್ತು ಮುಗಿದ ಸ್ಥಳಕ್ಕೂ ನನ್ನ ನಲವತ್ತು ಮುಗಿದ ಸ್ಥಳಕ್ಕೂ ಹತ್ತಾರು ಅಡಿ ಅಂತರ. ಎರಡೂ ಕಡೆ ಹುಡುಕಿದೆವು. ಆ ಕಾಡಿನಲ್ಲಿ ಬಾಲದಿಂದ ಗಿಲಕಿಯಾಡಿಸುವ ವಿಷದ ಹಾವುಗಳಿರುವುದರಿಂದ, ಕಲ್ಲಿನ ಸಂದಿಗೆ ಮೊದಲು ಕೋಲು, ಆಮೇಲೆ ಕೈ ಎಂದು ಕಲಿಸಿದೆನು. ಒಂದು ಗಂಟೆ ಕಳೆಯಿತು. ಮರವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಹುಡುಗನ ಕಣ್ಣಿನಲ್ಲಿ ನೀರಾಡಿತು.

ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೇಳಿದೆನು: "ಮಗು, ನಮ್ಮ ಕಚೇರಿಗೆ ದಿನವೂ ಮನೆ ಸಿಕ್ಕದ ಕಾಗದಗಳು ಬರುತ್ತಿದ್ದವು. ಬರೆದವರದು ತಪ್ಪು ಎಂದು ಹಿಂದಕ್ಕೆ ಕಳುಹಿಸುವುದು ಸುಲಭ. ಒಳ್ಳೆಯ ಅಂಚೆಯವನು ಹಾಗೆ ಮಾಡುವುದಿಲ್ಲ. ವಿಳಾಸವನ್ನು ಮೊದಲಿನಿಂದ ಇನ್ನೊಮ್ಮೆ ಓದುತ್ತಾನೆ."

ಅವನು ಚೀಟಿಯನ್ನು ಬಿಡಿಸಿ ಮೊದಲಿನಿಂದ ಓದಿದನು. ಥಟ್ಟನೆ ಎದ್ದು, "ತಾತ, ಹಳ್ಳ! ನಾವು ಹಳ್ಳ ದಾಟಲೇ ಇಲ್ಲ!" ಎಂದು ಕೂಗಿದನು. ಅಷ್ಟು ದಿನಗಳಲ್ಲಿ ಅವನು ನನಗೆ ಹೇಳಿದ ಮೊದಲನೆಯ ಇಡೀ ವಾಕ್ಯವದು.

ಹಳ್ಳದ ಆಚೆಗೆ ಇನ್ನೊಂದು ಮೂಲೆ, ಅದರ ಪಡುವಣಕ್ಕೆ ಮೂರು ಕವಲಿನ ಮರ, ಬುಡದಲ್ಲಿ ಚಪ್ಪಟೆಯ ಕಲ್ಲು, ಕಲ್ಲಿನ ಕೆಳಗೆ ಪೆಟ್ಟಿಗೆ. ಪುಸ್ತಕದಲ್ಲಿ ಎಷ್ಟೋ ಅಪರಿಚಿತರ ಠಸ್ಸೆಗಳು: ಆಮೆ, ಗೂಬೆ, ಎಲೆ, ಚಂದ್ರ. ಅವುಗಳ ಕೆಳಗೆ ನಮ್ಮ 'ಅಂಚೆ' ಮೂಡಿತು. ನಾನು ಅಭ್ಯಾಸಬಲದಿಂದ ತಾರೀಖು ಬರೆದೆನು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕಲ್ಲನ್ನು ಮೊದಲಿನಂತೆ ಮುಚ್ಚಿ, ಮೇಲೆ ಒಣಗಿದೆಲೆಗಳನ್ನು ಹರಡಿ ಹಿಂದಿರುಗಿದೆವು.

ನಾನು ಊರಿಗೆ ಬಂದ ಕೆಲವು ತಿಂಗಳ ಮೇಲೆ ಒಂದು ರಾತ್ರಿ ಟೆಲಿಫೋನು ಬಂದಿತು. ಅಮ್ಮನೊಡನೆ ಅದೇ ಮರದ ಹತ್ತಿರ ಹೋಗಿದ್ದನಂತೆ. ನಮ್ಮ ಠಸ್ಸೆಯ ಕೆಳಗೆ ಯಾರೋ, ಇದು ಯಾವ ಲಿಪಿ, ಬಹಳ ಅಂದವಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರಂತೆ.

"ತಾತ, 'ಕನ್ನಡ' ಅಂತ ಬರೆಯುವುದು ಹೇಗೆ? ಇನ್ನೊಂದು ಸಲ ಹೋಗಿ ಬರೆದು ಬರುತ್ತೇನೆ."

"ಮೊದಲು ಕ. ಆಮೇಲೆ ನ, ಅದರ ಕೆಳಗೆ ನ ಒತ್ತು. ಕೊನೆಗೆ ಡ" ಎಂದೆನು.

ಆ ಕಡೆಯಲ್ಲಿ ಪೆನ್ಸಿಲಿನ ಸದ್ದು ಕೇಳಿಸುತ್ತಿತ್ತು. "ಒತ್ತು ಅಂದರೆ ಯಾವುದು, ತಾತ?" ಎಂದು ಕೇಳಿದನು. ನಾನು ಕುರ್ಚಿಯನ್ನೆಳೆದುಕೊಂಡು ಕುಳಿತು ನಿಧಾನವಾಗಿ ವಿವರಿಸತೊಡಗಿದೆನು.