ಬಿಸ್ಕತ್ತಿನ ಡಬ್ಬಿಯ ಸಾಕೆಟ್ಟುಗಳು

ಆಪಾರ ಮಗ ಬೆಂಗಳೂರಿನಿಂದ ಬಂದವನು ಚಹಾ ಕುಡಿಯುವ ಮೊದಲೇ, "ಮಾಮೂ, ನಾನಾರ ಬಿಸ್ಕತ್ತಿನ ಡಬ್ಬಿ ಇನ್ನೂ ಇದೆಯಾ?" ಎಂದು ಕೇಳಿದ. ಇತ್ತು. ಅಬ್ಬಾ ತೀರಿಕೊಂಡ ಮೇಲೆ ಭದ್ರಾವತಿಯ ಅಂಗಡಿಯಲ್ಲಿದ್ದ ರೇಡಿಯೋಗಳನ್ನು, ವಾಲ್ವುಗಳನ್ನು, ಮೈಕ್ ಸೆಟ್ಟಿನ ಹಾರ್ನುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವನು ನಾನೇ. ಆ ಡಬ್ಬಿ ಮಾತ್ರ ಅಟ್ಟದ ಮೇಲೆ ಉಳಿದುಬಿಟ್ಟಿತ್ತು. ಅದರ ತುಂಬ ವಾಲ್ವ್ ಸಾಕೆಟ್ಟುಗಳು.

ಹುಡುಗನಿಗೆ ಗಿಟಾರಿನ ಹುಚ್ಚು. ಈಗ ಕೈಯಾರೆ ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಹೊರಟಿದ್ದಾನೆ. ಟ್ರಾನ್ಸಿಸ್ಟರ್ ಬಂದು ವಾಲ್ವನ್ನು ಮೂಲೆಗೆ ತಳ್ಳಿ ಅರ್ಧ ಶತಮಾನವಾಯಿತಲ್ಲೋ ಎಂದರೆ ನಗುತ್ತಾನೆ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ದನಿ ಮೆಲ್ಲಗೆ ಒಡೆಯುತ್ತದಂತೆ. ಗಿಟಾರಿನವರಿಗೆ ಬೇಕಾದದ್ದೇ ಆ ಒಡಕು. ನನಗೆ ತಮಾಷೆ ಎನಿಸಿತು. ಅಬ್ಬಾ ಜೀವಮಾನವೆಲ್ಲ ಡಿಸ್ಟಾರ್ಷನ್ ಎಂಬ ಕಾಯಿಲೆಗೆ ಮದ್ದು ಅರೆದವರು. ಮೊಮ್ಮಗ ಆ ಕಾಯಿಲೆಯನ್ನೇ ಹುಡುಕಿಕೊಂಡು ಬಂದಿದ್ದ.

ಅವನು ತಂದ ನಕ್ಷೆಯ ಮೂಲ ಲಂಡನ್ನಿನದು. 1960ರ ದಶಕದ ಆರಂಭದಲ್ಲಿ ಜಿಮ್ ಮಾರ್ಷಲ್ ಎಂಬವರ ಅಂಗಡಿಯಲ್ಲಿ, ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರನ್ನು ಮುಂದಿಟ್ಟುಕೊಂಡು ರೂಪಿಸಿದ್ದು. ಕೊನೆಯಲ್ಲಿ ದನಿಗೆ ಬಲ ಕೊಡಲು ಎರಡು ಇಎಲ್ 34, ಮೊದಲಿಗೆ ಮೂರು ಇಸಿಸಿ 83. ಈ ಸಣ್ಣ ವಾಲ್ವುಗಳನ್ನು ಅವನು ಬೆಂಗಳೂರಿನಲ್ಲಿ ಸಂಪಾದಿಸಿದ್ದ. ಪೆಟ್ಟಿಗೆಯ ಮೇಲೆ ಬಿಇಎಲ್ ಎಂದಿತ್ತು! ಜಾಲಹಳ್ಳಿಯ ಆ ಕಾರ್ಖಾನೆ 1960ರ ದಶಕದಿಂದ ರೇಡಿಯೋ ವಾಲ್ವು ಮಾಡುತ್ತಿತ್ತು, ಈಗ ಮಾಡುವುದಿಲ್ಲ. ಹಳೆಯ ದಾಸ್ತಾನನ್ನು ಹೊರದೇಶದ ಗಿಟಾರಿನವರೂ ಕೊಳ್ಳುತ್ತಾರಂತೆ. ನಾನು ತೂಕಕ್ಕೆ ಹಾಕಿದ ರಾಶಿ ಕಣ್ಣ ಮುಂದೆ ಬಂತು.

ಒಂದು ಸಾಕೆಟ್ಟಿಗೆ ಇಷ್ಟೊಂದು ಯೋಚನೆಯೇ ಎಂದು ನೀವು ಕೇಳಬಹುದು. ವಾಲ್ವು ಸವೆಯುವ ವಸ್ತು. ಬಲ್ಬಿನಂತೆ ಕಿತ್ತು ಹಾಕುವಂತಿರಬೇಕು, ಹಾಗಾಗಿ ಬೆಸುಗೆ ಹಾಕುವುದಿಲ್ಲ. ಒಳಗೆ ಹೋಗುವುದೆಲ್ಲ ಸಾಕೆಟ್ಟಿನ ಹಿಡಿತದ ಮೂಲಕವೇ ಹೋಗಬೇಕು. ಇಎಲ್ 34ಕ್ಕೆ ಎಂಟು ಪಿನ್ನು. ಎರಡನೆಯದು ಮತ್ತು ಏಳನೆಯದರಲ್ಲಿ ಒಳಗಿನ ತಂತಿ ಕಾಯಿಸಲು 6.3 ವೋಲ್ಟು, ಒಂದೂವರೆ ಆಂಪಿಯರ್. ಹಿಡಿತ ಸಡಿಲವಾದರೆ ಅಲ್ಲೇ ಬಿಸಿಯಾಗುತ್ತದೆ, ಬಿಸಿಗೆ ಲೋಹದ ಬಿಗಿ ಹೋಗುತ್ತದೆ, ಇನ್ನೂ ಸಡಿಲವಾಗುತ್ತದೆ. ಆ ಎರಡನೆಯ ಪಿನ್ನಿನ ಪಕ್ಕದಲ್ಲೇ ಮೂರನೆಯದು. ಅದರಲ್ಲಿ ನಾನೂರು ವೋಲ್ಟಿಗೂ ಹೆಚ್ಚು. ನಡುವೆ ಕೆಲವೇ ಮಿಲಿಮೀಟರು.

ಹುಡುಗ ಡಬ್ಬಿಯನ್ನು ಚಾಪೆಯ ಮೇಲೆ ಸುರಿದ. ಬೇಕಲೈಟಿನವು, ಪಿಂಗಾಣಿಯವು, ಸಣ್ಣ ವಾಲ್ವಿಗೆ ಲೋಹದ ಟೊಪ್ಪಿ ತೊಡಿಸುವ ಒಂಬತ್ತು ಪಿನ್ನಿನವು. "ನಾನಾರ ಸಾಕೆಟ್ಟುಗಳನ್ನೇ ಹಾಕುತ್ತೇನೆ, ಅವರ ನೆನಪಿಗೆ" ಎಂದ. ಎಂಟು ಪಿನ್ನಿನದೊಂದು ಬೇಕಲೈಟ್ ಸಾಕೆಟ್ಟನ್ನು ದಾರದಲ್ಲಿ ಕಟ್ಟಿ ಚೀಟಿ ಅಂಟಿಸಿತ್ತು. ಹುಡುಗ ಇಂಗ್ಲಿಷ್ ಶಾಲೆಯವನು, ಉರ್ದು ಅಕ್ಷರ ಬಾರದು. "ಏನು ಬರೆದಿದೆ ಮಾಮೂ?"

ಅಬ್ಬಾರ ಕೈಬರಹ. 'ಖರಾಬ್ ಹೈ, ಫೇಂಕ್‌ನಾ ನಹೀಂ.' ಕೆಟ್ಟಿದೆ, ಎಸೆಯಬೇಡಿ. ಓದಿದ ಮೇಲೆ ಮಿಕ್ಕಿದ್ದನ್ನೂ ಹೇಳಬೇಕಾಯಿತು.

1990. ನನಗೆ ಹನ್ನೆರಡು ವರ್ಷ. ಊರಿನಲ್ಲಿ ಟ್ರಾನ್ಸಿಸ್ಟರಿನ ಮೈಕ್ ಸೆಟ್ಟು ಬಂದಿದ್ದರೂ ಅಬ್ಬಾ ಹಳೆಯ ವಾಲ್ವ್ ಸೆಟ್ಟನ್ನೇ ಬಾಡಿಗೆಗೆ ಕೊಡುತ್ತಿದ್ದರು. ಒಂದು ಮದುವೆಯಲ್ಲಿ ಹುಡುಗರು ಎಡವಿ ಹಾರ್ನಿನ ತಂತಿ ಕಳಚಿತು. ಸ್ಪೀಕರ್ ಇಲ್ಲದೆ ಜೋರಾಗಿ ಹಾಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸಾವಿರ ವೋಲ್ಟಿಗೂ ಮೀರಿ ವಾಲ್ವಿನತ್ತ ತಿರುಗಿ ಒದೆಯಬಲ್ಲದು. ಕಿಡಿ ಮೂರನೆಯ ಪಿನ್ನಿನಿಂದ ಎರಡನೆಯದಕ್ಕೆ ಹಾರಿತ್ತು. ಸಾಕೆಟ್ಟಿನ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ. ಅಬ್ಬಾ ಕೈಗೆ ಹಣ ಕೊಟ್ಟು, "ಶಿವಮೊಗ್ಗಕ್ಕೆ ಹೋಗಿ ಹೊಸದು ತಾ, ಪಿಂಗಾಣಿಯದೇ ತಾ" ಎಂದು ಕಳುಹಿಸಿದರು. ಅಂದು ಅವರಿಗೆ ಜ್ವರ.

ಶಿವಮೊಗ್ಗದಲ್ಲಿ ನಾನು ಸಿನಿಮಾ ನೋಡಿದೆ. ಮನೆಗೆ ಬಂದು ಆ ಗೆರೆಯನ್ನು ಬ್ಲೇಡಿನಿಂದ ಹೆರೆದು, ಪೆಟ್ರೋಲಿನಲ್ಲಿ ಒರೆಸಿ, ಮಿರಮಿರ ಹೊಳೆಯುವಂತೆ ಮಾಡಿ ಹೊಸದು ಹಾಕಿದೆನೆಂದೆ. ಪಿಂಗಾಣಿ ಸಿಗಲಿಲ್ಲ ಎಂಬುದನ್ನೂ ಸೇರಿಸಿದೆ. ನಾನು ಹೆಣೆದ ಮೊದಲ ಕತೆ ಬಹುಶಃ ಅದೇ.

ಬೇಕಲೈಟ್ ಸುಟ್ಟರೆ ಇಂಗಾಲವಾಗುತ್ತದೆ, ಇಂಗಾಲದಲ್ಲಿ ವಿದ್ಯುತ್ತು ಹರಿಯುತ್ತದೆ. ಮೇಲಿನ ಕಪ್ಪು ಹೋದರೂ ಒಳಗಿನದು ಹೋಗುವುದಿಲ್ಲ. ಮುಂದಿನ ವಾರ ಗಣಪತಿ ಪೆಂಡಾಲಿನಲ್ಲಿ ಹರಿಕತೆ ನಡೆಯುತ್ತಿದ್ದಾಗ ಸೆಟ್ಟಿನಿಂದ ಹೊಗೆ ಎದ್ದಿತು. ಫ್ಯೂಸ್ ಹಾರಿತು. ದಾಸರು ಬರಿದನಿಯಲ್ಲೇ ಕತೆ ಮುಗಿಸಿದರು. ಅಬ್ಬಾ ಸೆಟ್ಟು ತಿರುವಿ ಬ್ಯಾಟರಿ ಬೆಳಕು ಬಿಟ್ಟು ಬ್ಲೇಡಿನ ಗೀರುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸಮಿತಿಯವರಿಗೆ ಮುಂಗಡ ಹಿಂದಿರುಗಿಸಿದರು. ನನಗೆ ಏನೂ ಅನ್ನಲಿಲ್ಲ. ಆ ಮರುವರ್ಷ ಪೆಂಡಾಲಿನವರು ಬೇರೆಯವರ ಸೆಟ್ಟು ತಂದರು.

ಹುಡುಗ ಸುಮ್ಮನೆ ಕೇಳಿದ. ಮರುದಿನ ಇಬ್ಬರೂ ಕೂತು ಆರಿಸಿದೆವು. ದೊಡ್ಡವೆರಡಕ್ಕೆ ಹೊಸ ಪಿಂಗಾಣಿ ಸಾಕೆಟ್ಟು. ಅಂಗಡಿಯಿಂದ ಅವನೇ ತಂದಿದ್ದ. ಚಿನ್ನದ ಲೇಪವಿದೆ ಎಂದು ಹೆಚ್ಚು ಬೆಲೆ ಕೊಟ್ಟದ್ದನ್ನು ನಾನು ಒಪ್ಪಲಿಲ್ಲ. ಪಿನ್ನನ್ನು ಹಿಡಿಯುವುದು ಲೋಹದ ಬಿಗಿ, ಹೊಳಪಲ್ಲ. ಕೆಟ್ಟ ವಾಲ್ವೊಂದನ್ನು ಹಾಕಿ, ತಲೆಕೆಳಗು ಮಾಡಿ ಅಲುಗಾಡಿಸಿ ನೋಡಿದೆವು. ಇವನ ಪೆಟ್ಟಿಗೆಯಲ್ಲಿ ಸ್ಪೀಕರೂ ಒಳಗೇ ಇರುವುದರಿಂದ ವಾಲ್ವುಗಳು ಬಾವಲಿಯಂತೆ ನೇತಾಡಬೇಕು, ಮೇಲಾಗಿ ಸದಾ ನಡುಕ. ಅದಕ್ಕೇ ಸ್ಪ್ರಿಂಗ್ ಕ್ಲಿಪ್ಪನ್ನೂ ಸೇರಿಸಿದೆವು. ಪಿಂಗಾಣಿಗೂ ಒಂದು ದೋಷವಿದೆ: ತಿರುಪನ್ನು ಅತಿಯಾಗಿ ಬಿಗಿದರೆ ಬಿರಿಯುತ್ತದೆ.

ಒಂಬತ್ತು ಪಿನ್ನಿನ ಮೂರನ್ನು ಮಾತ್ರ ಅಬ್ಬಾರ ಡಬ್ಬಿಯಿಂದಲೇ ಆರಿಸಿದೆವು. ಪಿಂಗಾಣಿಯವು, ಬಳಸದೇ ಇಟ್ಟವು. ಬೆಸುಗೆ ಹಾಕುವಾಗ ಕೆಟ್ಟ ವಾಲ್ವನ್ನು ಒಳಗೆ ಕೂರಿಸಿರಬೇಕು ಎಂದು ಹೇಳಿಕೊಟ್ಟೆ. ಇಲ್ಲವಾದರೆ ಹಿಡಿಕೆಗಳು ಓರೆಯಾಗಿಯೇ ಗಟ್ಟಿಯಾಗಿ, ಆಮೇಲೆ ಒಳ್ಳೆಯ ವಾಲ್ವಿನ ಸಣ್ಣ ಪಿನ್ನನ್ನು ಎಳೆದು ಬುಡದ ಗಾಜು ಬಿರಿಯುತ್ತದೆ. ಗಾಳಿ ಒಳಹೊಕ್ಕರೆ ನೆತ್ತಿಯ ಬೆಳ್ಳಿ ಬಣ್ಣ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಅಬ್ಬಾ ಅದನ್ನು ಕಂಡರೆ 'ಇನ್ನಾಲಿಲ್ಲಾಹಿ' ಎನ್ನುತ್ತಿದ್ದರು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ, ಅದನ್ನು ಮೊದಲು ಇಳಿಸು, ಸೆಟ್ಟು ಚಾಲೂ ಇದ್ದಾಗ ಎಡಗೈ ಬೆನ್ನ ಹಿಂದೆ ಇರಲಿ, ಎದೆಯ ಮೂಲಕ ಹರಿಯಬಾರದು ಎಂದೆ. ಅವನು ಎಡಗೈಯನ್ನು ಅಬ್ಬಾರಂತೆಯೇ ಜುಬ್ಬಾದ ಹಿಂದೆ ಇಟ್ಟುಕೊಂಡ.

ಚೀಟಿಯ ಸಾಕೆಟ್ಟನ್ನು ಹುಡುಗ ಮತ್ತೆ ದಾರ ಸುತ್ತಿ ಡಬ್ಬಿಗೆ ಹಾಕಿದ. ಬಸ್ಸಿಗೆ ಹೊರಟು ಬಾಗಿಲ ತನಕ ಹೋದವನು ತಿರುಗಿ, "ಅಂದು ಯಾವ ಸಿನಿಮಾ ನೋಡಿದಿರಿ ಮಾಮೂ?" ಎಂದು ಕೇಳಿದ.

ಎಷ್ಟು ಯೋಚಿಸಿದರೂ ಹೆಸರು ನೆನಪಾಗಲಿಲ್ಲ.